ಗಾಳಿಯಂತ್ರಕ್ಕೆ ತಕ್ಕ ಗ್ಯಾಸ್ಕೆಟ್ಟು
ಬಾರ್ಕೂರು ಸೀಮೆಯ ತೋಟಗಾರರಿಗೂ ಗಿರಣಿಯವರಿಗೂ ಕೆಲವು ಸೂಚನೆಗಳು

ಗದ್ದೆಯ ಅಂಚಿನಲ್ಲಿ ಏಡಿಯು ಕೊರೆದ ತೂತು ಹೆಬ್ಬೆರಳಿನಷ್ಟೇ ಇದ್ದರೂ, ಬೆಳಗಾಗುವುದರೊಳಗೆ ಮೇಲಿನ ಗದ್ದೆಯ ನೀರೆಲ್ಲವೂ ಕೆಳಗಿನ ಗದ್ದೆಗೆ ಇಳಿದುಹೋಗಿರುವುದೆಂಬುದನ್ನು ಬಾರ್ಕೂರು ಸೀಮೆಯ ಒಕ್ಕಲುಮಕ್ಕಳೆಲ್ಲರೂ ಬಲ್ಲರು. ಗದ್ದೆಯಲ್ಲಿ ನೀರು ತಗ್ಗಿದೊಡನೆ ಮಳೆ ಸಾಲದೆಂದು ಆಕಾಶವನ್ನು ದೂರುವುದು ಜಾಣರ ಲಕ್ಷಣವಲ್ಲ. ಅನುಭವಿಗಳಾದವರು ಮೊದಲು ಹಾರೆಯನ್ನು ಹಿಡಿದು ಅಂಚಿನ ಸುತ್ತ ಒಮ್ಮೆ ನಡೆದು ಬರುವರು. ತೂತನ್ನು ಕಂಡುಹಿಡಿದು, ಅದಕ್ಕೆ ತಕ್ಕ ಜಿಗುಟು ಮಣ್ಣನ್ನೇ ಆರಿಸಿ ತುಳಿದು ಮುಚ್ಚುವರು. ಮರಳು ಮಣ್ಣನ್ನು ಎಷ್ಟು ತುಂಬಿದರೂ ಆ ತೂತು ನಿಲ್ಲುವುದಿಲ್ಲವೆಂಬುದು ಅವರಿಗೆ ಗೊತ್ತು.

ಈ ಹಳೆಯ ತಿಳಿವಳಿಕೆಯನ್ನೇ ಇಂದು ತೋಟದ ಕೊಟ್ಟಿಗೆಯಲ್ಲಿಯೂ ಅಕ್ಕಿಯ ಗಿರಣಿಯಲ್ಲಿಯೂ ಓಡುತ್ತಿರುವ ಗಾಳಿಯಂತ್ರಕ್ಕೆ, ಅಂದರೆ ಕಂಪ್ರೆಸರಿಗೆ, ಅನ್ವಯಿಸಬೇಕಾಗಿದೆ. ಯಂತ್ರದ ಎರಡು ಲೋಹದ ಮುಖಗಳ ನಡುವೆ ಕೂರಿಸುವ ತೆಳ್ಳನೆಯ ಹಾಳೆಗೆ ಗ್ಯಾಸ್ಕೆಟ್ಟು ಎಂದು ಹೆಸರು. ರಿಪೇರಿಯವರು ಇದನ್ನು ‘ಪ್ಯಾಕಿಂಗು’ ಎಂದೂ ಕರೆಯುತ್ತಾರೆ. ಯಂತ್ರದ ಬೆಲೆಯ ಮುಂದೆ ಇದರ ಬೆಲೆಯು ಲೆಕ್ಕಕ್ಕೇ ಬಾರದಷ್ಟು ಅಲ್ಪ. ಆದಕಾರಣವೇ ಇದರ ಆಯ್ಕೆಯಲ್ಲಿ ಜನರು ಉದಾಸೀನರಾಗಿರುವುದು. ಆದರೆ ಈ ಹಾಳೆಯೊಂದು ಕೆಟ್ಟಿತೆಂದು ತಿಳಿಯದೆ, ಬಾವಿಯೇ ಬತ್ತಿತೆಂದು ಭ್ರಮಿಸಿ ಹೊಸ ಕೊಳವೆಬಾವಿಗೆ ಸಾಲ ಮಾಡುವ ಪ್ರಸಂಗವು ಬಂದೊದಗಬಹುದಾದುದರಿಂದ, ಈ ವಿಷಯವನ್ನು ಊರಿನ ಮುಖಂಡರೂ ಜಮೀನುದಾರರೂ ಸ್ವಲ್ಪ ವಿವರವಾಗಿಯೇ ತಿಳಿದಿರುವುದು ಹಿತಕರ.

ಸೀಮೆಯ ಸ್ಥಿತಿ

ಬಾರ್ಕೂರು ಆಳುಪ ಅರಸರ ರಾಜಧಾನಿಯಾಗಿಯೂ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತ ಕೇಂದ್ರವಾಗಿಯೂ ಮೆರೆದ ಊರು. ಇಂದು ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿಗೆ ಸೇರಿರುವ ಈ ಊರಿನ ಬದಿಯಲ್ಲಿ ಹರಿಯುವ ಸೀತಾನದಿಯು ಹಂಗಾರಕಟ್ಟೆಯನ್ನು ದಾಟಿ, ಸುವರ್ಣಾ ನದಿಯೊಡನೆ ಕೋಡಿ ಬೆಂಗ್ರೆಯ ಬಳಿ ಕಡಲನ್ನು ಸೇರುತ್ತದೆ. ಈ ಕರಾವಳಿಯಲ್ಲಿ ಮರದ ಹಡಗು ಕಟ್ಟುವ ಆಚಾರಿಗಳು ಹಲಗೆಗಳ ಸಂದಿಗೆ ಹತ್ತಿಯ ನೂಲನ್ನು ಒತ್ತಿ ತುಂಬಿ, ರಾಳವನ್ನೂ ಎಣ್ಣೆಯನ್ನೂ ಬಳಿದು ನೀರನ್ನು ತಡೆಯುತ್ತಿದ್ದರು. ಸಂದಿಗೆ ಯಾವ ವಸ್ತುವನ್ನು ತುಂಬಬೇಕು, ಎಷ್ಟು ಬಿಗಿಯಬೇಕು ಎಂಬ ವಿವೇಚನೆ ಈ ನೆಲಕ್ಕೆ ಹೊಸದೇನೂ ಅಲ್ಲ. ಹೊಸದಾದುದು ಯಂತ್ರದ ಶಾಖ ಮತ್ತು ಒತ್ತಡಗಳು ಮಾತ್ರ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುತ್ತದೆಯಾದರೂ ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಕಡಲಿಗೆ ಹರಿದುಹೋಗುತ್ತದೆ. ಮುರಕಲ್ಲಿನ ನೆಲವು ನೀರನ್ನು ಬೇಗನೆ ಕುಡಿದು ಬೇಗನೆ ಬಿಟ್ಟುಕೊಡುವುದರಿಂದ ಮಾರ್ಚಿ, ಏಪ್ರಿಲ್, ಮೇ ತಿಂಗಳುಗಳಲ್ಲಿ ತೋಡುಬಾವಿಗಳ ನೀರು ತಳಕ್ಕೆ ಇಳಿಯುತ್ತದೆ. ಆಗ ಅಡಿಕೆ ತೋಟಕ್ಕೆ ಆಧಾರವೆಂದರೆ ಕೊಳವೆಬಾವಿಯೇ.

ಕೊಳವೆಬಾವಿಯಿಂದ ನೀರೆತ್ತುವುದಕ್ಕೆ ಗಾಳಿಯಂತ್ರವನ್ನು ಬಳಸುವ ರೂಢಿ ಕರ್ನಾಟಕದ ಅನೇಕ ಕಡೆಗಳಲ್ಲಿದೆ. ಬಾವಿಯೊಳಗಿನ ಕೊಳವೆಯ ಬುಡಕ್ಕೆ ಒತ್ತಿದ ಗಾಳಿಯನ್ನು ಬಿಟ್ಟಾಗ, ಗಾಳಿಗುಳ್ಳೆಗಳು ಬೆರೆತ ನೀರು ಹಗುರವಾಗಿ ಮೇಲಕ್ಕೇರುತ್ತದೆ. ಸಾಮಾನ್ಯ ಪಂಪಿಗಿಂತ ಈ ಕ್ರಮಕ್ಕೆ ಹೆಚ್ಚು ಶಕ್ತಿ ಬೇಕೆಂಬುದು ನಿಜ. ಆದರೆ ಬಾವಿಯೊಳಗೆ ಚಲಿಸುವ ಭಾಗಗಳು ಯಾವುವೂ ಇಲ್ಲದಿರುವುದರಿಂದ, ಮರಳು ಬರುವ ಬಾವಿಗೂ, ಸೊಟ್ಟಗೆ ಕೊರೆದ ಬಾವಿಗೂ, ಸ್ವಲ್ಪವೇ ನೀರು ಒಸರುವ ಬಾವಿಗೂ ಇದು ಒಗ್ಗುತ್ತದೆ.

ಕುಂದಾಪುರ, ಬ್ರಹ್ಮಾವರ ಕಡೆಯ ಕುಚ್ಚಲಕ್ಕಿಯ ಗಿರಣಿಗಳಲ್ಲಿ ಗಾಳಿಯಂತ್ರಕ್ಕೆ ಬೇರೊಂದು ಉದ್ಯೋಗವಿದೆ. ಬಣ್ಣವನ್ನು ನೋಡಿ ಅಕ್ಕಿಯನ್ನು ಬೇರ್ಪಡಿಸುವ ಯಂತ್ರಗಳಲ್ಲಿ, ಕಪ್ಪಾದ ಕಾಳು ಕಂಡೊಡನೆ ಸಣ್ಣ ನಳಿಗೆಯಿಂದ ಗಾಳಿಯು ಚಿಮ್ಮಿ ಆ ಕಾಳನ್ನು ಹೊರಕ್ಕೆ ತಳ್ಳುತ್ತದೆ. ಗಾಳಿಯ ಒತ್ತಡವು ತಗ್ಗಿದರೆ ಕಪ್ಪು ಕಾಳು ಒಳ್ಳೆಯ ಅಕ್ಕಿಯಲ್ಲಿಯೇ ಉಳಿಯುತ್ತದೆ. ಗಾಳಿಯಲ್ಲಿ ಎಣ್ಣೆಯಾಗಲಿ ನೀರಾಗಲಿ ಬೆರೆತರೆ ನಳಿಗೆ ಕಟ್ಟಿಕೊಳ್ಳುತ್ತದೆ.

ಬಾವಿಯ ತಪ್ಪೋ, ಯಂತ್ರದ ತಪ್ಪೋ?

ನೀರಿನ 10 ಮೀಟರು ಎತ್ತರದ ಕಂಬವು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕಿಲೋಗ್ರಾಂ ಒತ್ತಡವನ್ನು ಕೊಡುತ್ತದೆ. ಗಾಳಿಯ ಕೊಳವೆಯ ತುದಿ 90 ಮೀಟರು ಆಳದಲ್ಲಿದ್ದು, ಬಾವಿಯ ನೀರು 30 ಮೀಟರಿನಲ್ಲಿ ನಿಂತಿದೆಯೆಂದಿಟ್ಟುಕೊಳ್ಳೋಣ. ತುದಿಯ ಮೇಲೆ 60 ಮೀಟರು ನೀರಿರುವುದರಿಂದ, ಗಾಳಿಯ ಒತ್ತಡವು 6 ಕಿಲೋಗ್ರಾಮನ್ನು ಮೀರುವ ತನಕ ಗಾಳಿಯು ಹೊರಕ್ಕೆ ಬಾರದು. ಗಾಳಿ ಬಾರದೆ ನೀರೂ ಏರದು. ನೀರು ಏರತೊಡಗಿ ಬಾವಿಯ ಮಟ್ಟವು 45 ಮೀಟರಿಗೆ ಇಳಿದ ಮೇಲೆ ನಾಲ್ಕೂವರೆ ಕಿಲೋಗ್ರಾಮಿನ ಆಸುಪಾಸಿನಲ್ಲಿ ಕೆಲಸ ಸಾಗುತ್ತದೆ. ಪ್ರಾರಂಭದ ಒತ್ತಡವೇ ಇಲ್ಲಿ ಮುಖ್ಯ.

ಈಗ ಯಂತ್ರದ ಸಂದಿಯೊಂದರಲ್ಲಿ ಗ್ಯಾಸ್ಕೆಟ್ಟು ಬಿರಿದಿದೆಯೆಂದು ಭಾವಿಸೋಣ. 7 ಕಿಲೋಗ್ರಾಮಿನ ಒತ್ತಡದಲ್ಲಿ 3 ಮಿಲಿಮೀಟರು ವ್ಯಾಸದ ತೂತಿನಿಂದ ನಿಮಿಷಕ್ಕೆ ಸುಮಾರು 0.6 ಘನಮೀಟರು ಗಾಳಿ ಸೋರಿಹೋಗುತ್ತದೆ. 10 ಅಶ್ವಶಕ್ತಿಯ ಯಂತ್ರವು ನಿಮಿಷಕ್ಕೆ ಕೊಡುವ ಗಾಳಿಯೇ ಸುಮಾರು 1 ಘನಮೀಟರು. ಅಂದಮೇಲೆ ಅರ್ಧಕ್ಕಿಂತ ಹೆಚ್ಚು ಗಾಳಿ ವ್ಯರ್ಥವಾಯಿತು. ತೂತು 4 ಮಿಲಿಮೀಟರಾದರೆ ಯಂತ್ರದ ಗಾಳಿಯನ್ನೆಲ್ಲ ಅದೇ ನುಂಗಿಬಿಡುತ್ತದೆ. ತೂತು ದುಂಡಗೇ ಇರಬೇಕೆಂದಿಲ್ಲ. 14 ಮಿಲಿಮೀಟರು ಉದ್ದ, ಅರ್ಧ ಮಿಲಿಮೀಟರು ಅಗಲದ ಬಿರುಕೂ 3 ಮಿಲಿಮೀಟರಿನ ತೂತೂ ವಿಸ್ತಾರದಲ್ಲಿ ಸಮಾನವೇ.

ಹೀಗಾದಾಗ ಯಂತ್ರವು ಎಂದಿನಂತೆ ಶಬ್ದ ಮಾಡುತ್ತ ಓಡುತ್ತಲೇ ಇರುತ್ತದೆ. ನೀರು ಮಾತ್ರ ಬರುವುದಿಲ್ಲ. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಯಾರ ಮನಸ್ಸಿಗಾದರೂ ತೋರುವುದು ‘ಬಾವಿ ಬತ್ತಿತು’ ಎಂದೇ. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರಗಳಿದ್ದು, ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 18 ಲೀಟರಿನಂತೆ ಹಿಡಿದರೆ, ದಿನಂಪ್ರತಿ ಹತ್ತಿರ ಹತ್ತಿರ 10,000 ಲೀಟರು ನೀರು ಬೇಕು. ವಾರವೊಂದು ನೀರು ತಪ್ಪಿದರೆ ಎಳೆಯ ಸಿಂಗಾರವು ಒಣಗಲಾರಂಭಿಸೀತು. ಈ ಗಾಬರಿಯಲ್ಲಿಯೇ ಹೊಸ ಬಾವಿಯ ಆಲೋಚನೆ ಹುಟ್ಟುವುದು. ನದಿಯ ಅಳಿವೆಗೆ ಹತ್ತಿರವಾದ ಭೂಮಿಯಲ್ಲಿ ಹಾಗೆ ಅವಸರದಿಂದ ಕೊರೆದ ಆಳದ ಬಾವಿಯು ಉಪ್ಪುನೀರನ್ನೆಳೆದು ಇದ್ದ ತೋಟವನ್ನೂ ಕೆಡಿಸುವ ಅಪಾಯವುಂಟು.

ಆದುದರಿಂದ ಮೊದಲು ಮಾಡತಕ್ಕ ಪರೀಕ್ಷೆ ಇಷ್ಟೇ. ಬಾವಿಗೆ ಹೋಗುವ ಗಾಳಿಯ ವಾಲ್ವನ್ನು ಮುಚ್ಚಿ, ಬರಿದಾದ ಟ್ಯಾಂಕನ್ನು ತುಂಬಿಸಬೇಕು. 500 ಲೀಟರಿನ ಟ್ಯಾಂಕು 7 ಕಿಲೋಗ್ರಾಮಿಗೆ ಏರಲು ಮೂರೂವರೆ ಘನಮೀಟರು ಗಾಳಿ ಬೇಕು. ನಿಮಿಷಕ್ಕೆ 1 ಘನಮೀಟರು ಕೊಡುವ ಯಂತ್ರಕ್ಕೆ ಇದು ಮೂರೂವರೆ ನಿಮಿಷದ ಕೆಲಸ. ಅಷ್ಟರಲ್ಲಿ ಮುಳ್ಳು ಏರಿ, ಯಂತ್ರವನ್ನು ನಿಲ್ಲಿಸಿದ ಮೇಲೂ ಹತ್ತು ನಿಮಿಷ ಅಲ್ಲಿಯೇ ನಿಂತರೆ ಯಂತ್ರವು ಸರಿಯಾಗಿದೆ. ಆಗ ಬಾವಿಯನ್ನು ಸಂಶಯಿಸಬಹುದು. ಮುಳ್ಳು ತಡವಾಗಿ ಏರಿದರೆ, ಅಥವಾ ನಿಲ್ಲಿಸಿದೊಡನೆ ಇಳಿದರೆ, ದೋಷವು ಬಾವಿಯದಲ್ಲ. ಒತ್ತಡವಿರುವಾಗ ಪ್ರತಿಯೊಂದು ಸಂದಿಗೂ ಸಾಬೂನಿನ ನೀರನ್ನಾಗಲಿ ಅಂಟುವಾಳದ ನೊರೆಯನ್ನಾಗಲಿ ಬಳಿದರೆ ಗುಳ್ಳೆಯೇ ಸೋರುವ ಸ್ಥಳವನ್ನು ತೋರಿಸಿಕೊಡುತ್ತದೆ. ತಿರುಗುವ ಚಕ್ರ ಮತ್ತು ಪಟ್ಟಿಗಳ ಬಳಿಗೆ ಮಾತ್ರ ಯಂತ್ರವು ಓಡುತ್ತಿರುವಾಗ ಕೈಯನ್ನು ಒಯ್ಯಕೂಡದು.

ಹೊರಗೆ ಗುಳ್ಳೆಯೇ ಕಾಣದ ಸೋರಿಕೆಯೂ ಒಂದುಂಟು. ಸಿಲಿಂಡರಿನ ತಲೆಯೊಳಗೆ ಗಾಳಿಯನ್ನು ಎಳೆದುಕೊಳ್ಳುವ ಕೋಣೆಯನ್ನೂ ಹೊರದೂಡುವ ಕೋಣೆಯನ್ನೂ ಅಗಲಿಸುವುದು ಗ್ಯಾಸ್ಕೆಟ್ಟಿನ ಒಂದು ಕಿರಿದಾದ ಪಟ್ಟಿ. ಆ ಪಟ್ಟಿಯು ಹರಿದರೆ ಬಿಸಿಯಾದ ಗಾಳಿಯು ಹಿಂದಕ್ಕೆ ನುಗ್ಗಿ ಮತ್ತೆ ಮತ್ತೆ ಒತ್ತಲ್ಪಡುತ್ತದೆ. ತಲೆಯು ಎಂದಿಗಿಂತ ಹೆಚ್ಚು ಕಾಯುವುದು, ಗಾಳಿ ಎಳೆದುಕೊಳ್ಳುವ ಬಾಯಿಯಿಂದ ಬಿಸಿಯುಸಿರು ಹಿಂದಿರುಗುವುದು, ಎರಡು ಹಂತದ ಯಂತ್ರದಲ್ಲಿ ನಡುವಿನ ರಕ್ಷಣಾ ವಾಲ್ವು ತಾನಾಗಿಯೇ ತೆರೆಯುವುದು ಇದರ ಸೂಚನೆಗಳು. ವಾಲ್ವಿನ ಪಟ್ಟಿ ಕೆಟ್ಟರೂ ಇವೇ ಚಿಹ್ನೆಗಳು ತೋರುವುದರಿಂದ, ತಲೆಯನ್ನು ಬಿಚ್ಚಿದಾಗ ಎರಡನ್ನೂ ನೋಡತಕ್ಕದ್ದು. ಹೀಗೆ ಕಾದ ಯಂತ್ರದಲ್ಲಿ ಎಣ್ಣೆಯು ಸುಟ್ಟು ಮಸಿಯಾಗಿ ಹೊರಕೊಳವೆಯಲ್ಲಿ ಕಟ್ಟುತ್ತದೆ. ಆ ಮಸಿಗೆ ಬೆಂಕಿ ತಗಲುವ ಸಂಭವವೂ ಉಂಟು.

ಆಯ್ಕೆಗೆ ಮುನ್ನ ನಾಲ್ಕು ಪ್ರಶ್ನೆಗಳು

ಅಂಗಡಿಯಲ್ಲಿ ‘ಒಂದು ಪ್ಯಾಕಿಂಗ್ ಹಾಳೆ ಕೊಡಿ’ ಎಂದು ಕೇಳುವುದು, ಔಷಧದಂಗಡಿಯಲ್ಲಿ ‘ಒಂದು ಮಾತ್ರೆ ಕೊಡಿ’ ಎಂದು ಕೇಳಿದಂತೆಯೇ ಸರಿ. ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳಬೇಕು: ಆ ಸಂದಿಯಲ್ಲಿ ಶಾಖವೆಷ್ಟು? ಒತ್ತಡವೆಷ್ಟು? ಅಲ್ಲಿ ಹರಿಯುವುದು ಬರಿಯ ಗಾಳಿಯೋ, ಎಣ್ಣೆ ಬೆರೆತ ಗಾಳಿಯೋ, ನೀರೋ, ಹಬೆಯೋ? ಎರಡು ಲೋಹದ ಮುಖಗಳು ನುಣುಪಾಗಿವೆಯೋ, ತುಕ್ಕು ತಿಂದು ಗುಳಿಬಿದ್ದಿವೆಯೋ?

ಶಾಖದ ವಿಷಯದಲ್ಲಿ ಜನರ ಅಂದಾಜು ಸಾಮಾನ್ಯವಾಗಿ ತಪ್ಪುತ್ತದೆ. 30 ಡಿಗ್ರಿ ಸೆಂಟಿಗ್ರೇಡಿನ ಗಾಳಿಯನ್ನು ಒಂದೇ ಹಂತದಲ್ಲಿ 7 ಕಿಲೋಗ್ರಾಮಿಗೆ ಒತ್ತಿದರೆ, ಶಾಖವು ಹೊರಹೋಗದಿದ್ದ ಪಕ್ಷದಲ್ಲಿ ಅದರ ಉಷ್ಣತೆ ಲೆಕ್ಕದಂತೆ ಸುಮಾರು 275 ಡಿಗ್ರಿಗೆ ಏರಬೇಕು. ಸಿಲಿಂಡರಿನ ರೆಕ್ಕೆಗಳು ಶಾಖವನ್ನು ಹೊರಕ್ಕೆ ಬಿಡುವುದರಿಂದ ಅಷ್ಟು ಏರದಿದ್ದರೂ, ನೀರು ಕುದಿಯುವ ಶಾಖವನ್ನು ಅದು ಬಹಳವಾಗಿ ಮೀರುತ್ತದೆ. ಎರಡು ಹಂತಗಳಲ್ಲಿ ಒತ್ತಿ ನಡುವೆ ಗಾಳಿಯನ್ನು ಚೆನ್ನಾಗಿ ತಣಿಸಿದರೆ, ಪ್ರತಿ ಹಂತದಲ್ಲಿಯೂ ಲೆಕ್ಕದ ಉಷ್ಣತೆ 135 ಡಿಗ್ರಿಗೆ ನಿಲ್ಲುತ್ತದೆ. ಒಂದೇ ಹಂತದ ಯಂತ್ರದ ತಲೆಗೂ, ಎರಡು ಹಂತದ ಯಂತ್ರದ ತಲೆಗೂ ಒಂದೇ ಹಾಳೆ ಸಲ್ಲದಿರುವುದಕ್ಕೆ ಇದೇ ಕಾರಣ.

ಒತ್ತಡದ ಬಲವನ್ನೂ ಲಘುವಾಗಿ ಎಣಿಸಬಾರದು. 100 ಮಿಲಿಮೀಟರು ವ್ಯಾಸದ ಸಿಲಿಂಡರಿನ ತಲೆಯ ಮೇಲೆ 7 ಕಿಲೋಗ್ರಾಮಿನ ಒತ್ತಡವು ಬಿದ್ದಾಗ ಒಟ್ಟು ಬಲವು ಸುಮಾರು 550 ಕಿಲೋಗ್ರಾಂ, ಅಂದರೆ 50 ಕಿಲೋಗ್ರಾಮಿನ 11 ಅಕ್ಕಿ ಚೀಲಗಳ ಭಾರ. ನಿಮಿಷಕ್ಕೆ 700 ಸುತ್ತು ತಿರುಗುವ ಯಂತ್ರದಲ್ಲಿ ಈ ಭಾರವು ನಿಮಿಷಕ್ಕೆ 700 ಸಲ ತಲೆಯನ್ನು ಮೇಲಕ್ಕೆತ್ತಲು ಯತ್ನಿಸುತ್ತದೆ. ಬೋಲ್ಟುಗಳು ಈ ಬಲವನ್ನು ತಡೆದು, ಅದರ ಮೇಲೆ ಗ್ಯಾಸ್ಕೆಟ್ಟನ್ನೂ ಅದುಮಿ ಹಿಡಿದಿರಬೇಕು.

ಯಾವ ಸ್ಥಳಕ್ಕೆ ಯಾವ ವಸ್ತು?

ಬಸ್ಸಿನ ಹಳೆಯ ಟ್ಯೂಬನ್ನು ಕತ್ತರಿಸಿ ಹಾಕುವ ಉಪಾಯವು ಎಲ್ಲ ಕಡೆಯಲ್ಲಿಯೂ ಬಳಕೆಯಲ್ಲಿದೆ. ನೀರಿನ ಕೊಳವೆಯ ಸಂದಿಗೆ ಅದು ಕೆಲವು ಕಾಲ ನಡೆದೀತು. ಎಣ್ಣೆ ಬೆರೆತ ಬಿಸಿಗಾಳಿಗೆ ಅದು ಸರ್ವಥಾ ಕೂಡದು. ಸಹಜ ರಬ್ಬರೂ ಟ್ಯೂಬಿನ ಬ್ಯುಟೈಲ್ ರಬ್ಬರೂ ಯಂತ್ರದ ಎಣ್ಣೆಯನ್ನು ಹೀರಿ ಊದಿಕೊಳ್ಳುತ್ತವೆ. ಊದಿದ ರಬ್ಬರು ಮೆತ್ತಗಾಗಿ ಒತ್ತಡಕ್ಕೆ ಸಿಲುಕಿ ಹೊರಕ್ಕೆ ಜಾರುತ್ತದೆ.

ನೈಟ್ರೈಲ್ ರಬ್ಬರು ಎಣ್ಣೆಗೆ ಹೆದರುವುದಿಲ್ಲ. ಸುಮಾರು 100 ಡಿಗ್ರಿಯ ತನಕ ಬಾಳುತ್ತದೆ. ಗಾಳಿಯು ತಣಿದು ಟ್ಯಾಂಕಿಗೆ ಬಂದ ಮೇಲಿನ ಸಂದಿಗಳಿಗೂ, ಟ್ಯಾಂಕಿನ ಕೈಕಂಡಿಯ ಮುಚ್ಚಳಕ್ಕೂ, ಸೋಸುಗದ ಬಟ್ಟಲಿಗೂ ಇದು ತಕ್ಕದ್ದು. ಸಿಲಿಂಡರಿನ ತಲೆಗೆ ಇದು ಸಾಲದು. ರಬ್ಬರಿನ ಜಾತಿಯದೇ ಬೇಕಾದಲ್ಲಿ, 200 ಡಿಗ್ರಿಯ ತನಕ ತಡೆಯುವ ವಿಟಾನ್ ಎಂಬುದುಂಟು. ಬೆಲೆ ಮಾತ್ರ ಹೆಚ್ಚು.

ಇ.ಪಿ.ಡಿ.ಎಂ. ಎಂಬ ರಬ್ಬರಿನ ವಿಷಯದಲ್ಲಿ ಗಿರಣಿಯವರು ವಿಶೇಷವಾಗಿ ಎಚ್ಚರಿಕೆಯಿಂದಿರಬೇಕು. ಇದು ಬಿಸಿನೀರಿಗೆ ಬಹಳ ಚೆನ್ನಾಗಿ ಬಾಳುತ್ತದೆ. ಖನಿಜ ಎಣ್ಣೆ ತಗಲಿದರೆ ಕೊಳೆತಂತಾಗುತ್ತದೆ. ನೈಟ್ರೈಲಿನದು ಇದಕ್ಕೆ ವಿಪರೀತ. ಎಣ್ಣೆಯಲ್ಲಿ ಬಾಳಿ ಹಬೆಯಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ನೋಟಕ್ಕೆ ಎರಡೂ ಕಪ್ಪು ಹಾಳೆಗಳೇ. ಭತ್ತವನ್ನು ಬೇಯಿಸುವ ಹಬೆಯ ಬಾಯ್ಲರೂ ಅಕ್ಕಿ ಆರಿಸುವ ಗಾಳಿಯಂತ್ರವೂ ಒಂದೇ ಸೂರಿನಡಿ ಇರುವ ಗಿರಣಿಯಲ್ಲಿ, ಒಂದರ ಹಾಳೆಯು ಇನ್ನೊಂದಕ್ಕೆ ಹೋಗದಂತೆ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಹೆಸರು ಬರೆದಿಡತಕ್ಕದ್ದು. 7 ಕಿಲೋಗ್ರಾಮಿನ ಹಬೆಯ ಉಷ್ಣತೆಯು 170 ಡಿಗ್ರಿಯಾದುದರಿಂದ, ಅಂಥ ಹಬೆಯ ಫ್ಲೇಂಜಿಗೆ ರಬ್ಬರಿಗಿಂತ ಗ್ರಾಫೈಟಿನ ಗ್ಯಾಸ್ಕೆಟ್ಟೇ ಯೋಗ್ಯ.

ಸಿಲಿಂಡರಿನ ತಲೆಗೂ ವಾಲ್ವಿನ ತಟ್ಟೆಗೂ ಸಲ್ಲುವುವು ಮೂರು ಬಗೆಯವು. ಮೊದಲನೆಯದು, ಅರಾಮಿಡ್ ಮುಂತಾದ ನಾರುಗಳನ್ನು ನೈಟ್ರೈಲಿನಿಂದ ಬಂಧಿಸಿ ಒತ್ತಿ ಮಾಡಿದ, ಕಲ್ನಾರಿಲ್ಲದ ಹಾಳೆ. ಇದು ಸುಮಾರು 200 ಡಿಗ್ರಿಯ ಸತತ ಶಾಖವನ್ನು ತಡೆಯುತ್ತದೆ. ಎರಡನೆಯದು, ನಡುವೆ ಉಕ್ಕಿನ ತಗಡನ್ನಿಟ್ಟ ಗ್ರಾಫೈಟ್. ಇದರ ಸಹನೆ 400 ಡಿಗ್ರಿಯವರೆಗೂ ಹೋಗುತ್ತದೆ. ಮೂರನೆಯದು, ತಾಮ್ರದ ತಗಡು. ಬಳಸಿ ಗಡುಸಾದ ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಅದು ಮರಳಿ ಮೃದುವಾಗುತ್ತದೆ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುವುದು, ತಾಮ್ರವಾದರೋ ಮೃದುವಾಗುವುದು; ಇದನ್ನು ಊರಿನ ಕಮ್ಮಾರನೂ ಬಲ್ಲನು. ಆದರೆ ತಾಮ್ರಕ್ಕೆ ಲೋಹದ ಮುಖಗಳು ಚೆನ್ನಾಗಿ ನುಣುಪಾಗಿರಬೇಕು.

ಕ್ರ್ಯಾಂಕ್ ಕೇಸಿನ ಮುಚ್ಚಳದಲ್ಲಿ ಒತ್ತಡವೂ ಶಾಖವೂ ಅಲ್ಪ, ಎಣ್ಣೆಯೇ ಅಧಿಕ. ಅಲ್ಲಿಗೆ ಎಣ್ಣೆಕಾಗದವಾಗಲಿ, ರಬ್ಬರು ಬೆರೆತ ಬಿರಟೆಯ ಹಾಳೆಯಾಗಲಿ ಸಾಕು. ಎಲ್ಲ ಕಡೆಗೂ ಬೆಲೆಬಾಳುವುದನ್ನೇ ಹಾಕಬೇಕೆಂದಿಲ್ಲ. ಬೇಕಾದಲ್ಲಿ ಬೇಕಾದುದನ್ನು ಹಾಕಬೇಕು.

ಕಲ್ನಾರಿನ ಹಾಳೆಯ ಅಪಾಯ

ಹಿಂದೆ ಇಂಥ ಸಂದಿಗಳಿಗೆಲ್ಲ ಕಲ್ನಾರಿನ ಹಾಳೆಯೇ ಪ್ರಸಿದ್ಧವಾಗಿತ್ತು. ಶಾಖಕ್ಕೂ ಎಣ್ಣೆಗೂ ಅದು ಬಾಳುತ್ತಿದ್ದುದು ನಿಜ. ಆದರೆ ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ಬಹು ವರ್ಷಗಳ ಮೇಲೆ ಅರ್ಬುದರೋಗವನ್ನು ಉಂಟುಮಾಡುವುದೆಂಬುದು ನಿಶ್ಚಿತವಾಗಿದ್ದು, ಕಲ್ನಾರಿನ ಎಲ್ಲ ಜಾತಿಗಳಿಗೂ ಇದು ಅನ್ವಯಿಸುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಯುರೋಪಿನ ಒಕ್ಕೂಟದ ದೇಶಗಳು 2005ರಿಂದ ಅದನ್ನು ನಿಷೇಧಿಸಿವೆ. ಹಳೆಯ ಯಂತ್ರವನ್ನು ಬಿಚ್ಚಿದಾಗ ಅಂಟಿಕೊಂಡಿರುವ ಹಾಳೆಯ ಜಾತಿ ತಿಳಿಯದಿದ್ದರೆ ಅದು ಕಲ್ನಾರೇ ಎಂದು ಎಣಿಸಿ ನಡೆಯುವುದು ಕ್ಷೇಮ. ಅದನ್ನು ನೀರಿನಿಂದ ನೆನೆಯಿಸಿ, ಮೆಲ್ಲನೆ ಕೆತ್ತಿ ತೆಗೆದು, ಚೀಲದಲ್ಲಿ ಕಟ್ಟಿ ಬೇರೆಯಾಗಿರಿಸಬೇಕು. ಒಣಗಿದುದನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದಾಗಲಿ, ಗಾಳಿ ಬಿಟ್ಟು ಊದುವುದಾಗಲಿ ಕೂಡದು. ಹೊಸದಾಗಿ ಕೊಳ್ಳುವಾಗ ಕಲ್ನಾರಿಲ್ಲದ ಹಾಳೆಯನ್ನೇ ಕೇಳಿ ಕೊಳ್ಳತಕ್ಕದ್ದು.

ದಪ್ಪದ ವಿಚಾರ

ದಪ್ಪ ಹಾಳೆಯು ಹೆಚ್ಚು ಭದ್ರವೆಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಹಾಳೆಯು ದಪ್ಪವಾದಷ್ಟೂ ಒತ್ತಡಕ್ಕೆ ತೆರೆದಿರುವ ಅದರ ಅಂಚು ಹೆಚ್ಚುತ್ತದೆ, ಹೊರಕ್ಕೆ ಚಿಮ್ಮುವ ಭಯವೂ ಹೆಚ್ಚುತ್ತದೆ. ನುಣುಪಾದ ಮುಖಗಳಿಗೆ ಅರ್ಧದಿಂದ 1 ಮಿಲಿಮೀಟರು ಸಾಕು. ಒರಟಾದ ಕೊಳವೆಯ ಫ್ಲೇಂಜಿಗೆ 1.5ರಿಂದ 3 ಮಿಲಿಮೀಟರಿನ ತನಕ ಬೇಕಾದೀತು.

ಸಿಲಿಂಡರಿನ ತಲೆಯಲ್ಲಿ ದಪ್ಪಕ್ಕೆ ಇನ್ನೊಂದು ಅರ್ಥವಿದೆ. ಪಿಸ್ಟನ್ನು ಮೇಲಕ್ಕೆ ಬಂದಾಗ ಅದಕ್ಕೂ ವಾಲ್ವಿನ ತಟ್ಟೆಗೂ ನಡುವೆ ಉಳಿಯುವ ಅಂತರವನ್ನು ನಿರ್ಣಯಿಸುವುದು ಈ ಹಾಳೆಯೇ. ಮೂಲದ್ದಕ್ಕಿಂತ ತೆಳ್ಳಗಿನದನ್ನು ಹಾಕಿದರೆ ಪಿಸ್ಟನ್ನು ತಟ್ಟೆಗೆ ಬಡಿದೀತು. ದಪ್ಪದ್ದನ್ನು ಹಾಕಿದರೆ ಮೇಲೆ ಉಳಿದ ಒತ್ತಿದ ಗಾಳಿಯು ಮರಳಿ ಹಿಗ್ಗಿ ಹೊಸ ಗಾಳಿಯ ಸ್ಥಳವನ್ನು ಆಕ್ರಮಿಸುತ್ತದೆ. ಪಿಸ್ಟನ್ನಿನ ನಡೆ 80 ಮಿಲಿಮೀಟರಿರುವ ಒಂದೇ ಹಂತದ ಯಂತ್ರದಲ್ಲಿ, 7 ಕಿಲೋಗ್ರಾಮಿನ ಒತ್ತಡಕ್ಕೆ, 1 ಮಿಲಿಮೀಟರು ಹೆಚ್ಚಿನ ದಪ್ಪದಿಂದ ಗಾಳಿಯ ಉತ್ಪತ್ತಿಯು ನೂರಕ್ಕೆ ಸುಮಾರು 5 ಪಾಲು ಕಡಿಮೆಯಾಗುತ್ತದೆ. ಆದಕಾರಣ ಹಳೆಯ ಹಾಳೆಯ ದಪ್ಪವನ್ನು ಅಳೆದು, ಅಥವಾ ತಯಾರಕರ ಪುಸ್ತಕವನ್ನು ನೋಡಿ, ಅಷ್ಟೇ ದಪ್ಪದ್ದನ್ನು ತರಬೇಕು. ತಯಾರಕರು ಕತ್ತರಿಸಿಕೊಟ್ಟ ಗ್ಯಾಸ್ಕೆಟ್ಟು ದೊರೆಯುವಲ್ಲಿ ತಲೆಗೆ ಅದನ್ನೇ ಹಾಕುವುದು ಉತ್ತಮ.

ಕೂರಿಸುವ ಕ್ರಮ

ಮೊದಲು ವಿದ್ಯುಚ್ಛಕ್ತಿಯನ್ನು ನಿಲ್ಲಿಸಿ ಫ್ಯೂಸನ್ನು ತೆಗೆದಿಡಬೇಕು; ಟ್ಯಾಂಕಿನ ಗಾಳಿಯನ್ನೆಲ್ಲ ಹೊರಕ್ಕೆ ಬಿಟ್ಟು ಮುಳ್ಳು ಸೊನ್ನೆಗೆ ಬಂದುದನ್ನು ಕಣ್ಣಾರೆ ನೋಡಬೇಕು. ಒತ್ತಡವಿರುವ ಸಂದಿಯ ಬೋಲ್ಟನ್ನು ಬಿಚ್ಚುವುದೂ ಬಿಗಿಯುವುದೂ ಪ್ರಾಣಾಪಾಯದ ಕೆಲಸ.

ಲೋಹದ ಮುಖಗಳನ್ನು ಗೀರು ಬೀಳದಂತೆ ಶುದ್ಧ ಮಾಡಬೇಕು. ಹಾಳೆಯನ್ನು ಸಿಲಿಂಡರಿನ ಬಾಯಿಯ ಮೇಲೆಯೇ ಇಟ್ಟು ಸುತ್ತಿಗೆಯಿಂದ ತಟ್ಟಿ ಕತ್ತರಿಸುವ ಪದ್ಧತಿಯನ್ನು ಬಿಡಬೇಕು. ಅದರಿಂದ ಬಾಯಿಯ ಅಂಚು ಕೆಡುತ್ತದೆ, ಹಾಳೆಯ ನಾರೂ ಜಜ್ಜಿಹೋಗುತ್ತದೆ. ಗುರುತು ಹಾಕಿಕೊಂಡು ಕತ್ತರಿಯಿಂದ ಕತ್ತರಿಸಿ, ಬೋಲ್ಟಿನ ತೂತುಗಳನ್ನು ಟೊಳ್ಳು ಪಂಚಿನಿಂದ ಹೊಡೆಯಬೇಕು. ಗ್ರೀಸನ್ನು ಬಳಿದರೆ ಹಾಳೆಯು ಜಾರುತ್ತದೆ. ಅಂಟನ್ನು ಹೆಚ್ಚಾಗಿ ಬಳಿದರೆ ಉಳಿದುದು ವಾಲ್ವನ್ನು ಸೇರಿ ಅದನ್ನು ಕೆಡಿಸುತ್ತದೆ. ಒಮ್ಮೆ ಅದುಮಿದ ನಾರಿನ ಹಾಳೆಯನ್ನು ಮತ್ತೊಮ್ಮೆ ಬಳಸಬಾರದು.

ಬೋಲ್ಟುಗಳನ್ನು ವರಸೆಯಾಗಿ ಒಂದಾದ ಮೇಲೊಂದರಂತೆ ಬಿಗಿಯದೆ, ಎದುರುಬದುರಾಗಿ, ಮೂರು ಸುತ್ತುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಎತ್ತಿನ ಗಾಡಿಯ ಹೊರೆಗೆ ಹಗ್ಗವನ್ನು ಒಂದೇ ಬದಿಯಿಂದ ಜಗ್ಗಿದರೆ ಹೊರೆ ವಾಲುವಂತೆ ಇಲ್ಲಿಯೂ ತಲೆಯು ಓರೆಯಾಗುತ್ತದೆ. ಬಿಗಿಯ ಅಳತೆಯನ್ನು ತಯಾರಕರು ಹೇಳಿದ್ದರೆ ಅದನ್ನು ತೋರಿಸುವ ಸ್ಪ್ಯಾನರನ್ನೇ ಉಪಯೋಗಿಸಬೇಕು. ಯಂತ್ರವು ಕಾದ ಮೇಲೆ ಮತ್ತೆ ಬಿಗಿಯುವುದು ಎಲ್ಲ ಹಾಳೆಗಳಿಗೂ ಸಲ್ಲದು. ರಬ್ಬರಿನಿಂದ ಬಂಧಿಸಿದ ಹಾಳೆಯು ಕಾದು ಗಡುಸಾದ ಮೇಲೆ ಬಿಗಿದರೆ ಬಿರಿಯುತ್ತದೆ.

ಮಳೆಗಾಲವೂ ಉಪ್ಪುಗಾಳಿಯೂ

ಈ ಸೀಮೆಯ ಯಂತ್ರಗಳಿಗೆ ಘಟ್ಟದ ಮೇಲಿನವಕ್ಕಿಲ್ಲದ ಎರಡು ಶತ್ರುಗಳಿವೆ. ಮೊದಲನೆಯದು ತೇವ. ಪೂರ್ಣ ತೇವವುಳ್ಳ ಗಾಳಿಯು 27 ಡಿಗ್ರಿಯಲ್ಲಿ ಘನಮೀಟರಿಗೆ ಸುಮಾರು 25 ಗ್ರಾಂ ನೀರಿನಾವಿಯನ್ನು ಹೊತ್ತಿರುತ್ತದೆ. ಅದನ್ನು 7 ಕಿಲೋಗ್ರಾಮಿಗೆ ಒತ್ತಿ ಮರಳಿ ತಣಿಸಿದರೆ ಆ ಆವಿಯ ಎಂಟರಲ್ಲಿ ಏಳು ಪಾಲು ನೀರಾಗಿ ಉದುರುತ್ತದೆ. ನಿಮಿಷಕ್ಕೆ 1 ಘನಮೀಟರಿನಂತೆ ಎಂಟು ಗಂಟೆ ಓಡಿದ ಯಂತ್ರದಿಂದ ಆಟಿ ತಿಂಗಳಲ್ಲಿ ದಿನಕ್ಕೆ ಸುಮಾರು 10 ಲೀಟರು ನೀರು! ಮಳೆಗಾಲದಲ್ಲಿಯೂ ಓಡುವ ಗಿರಣಿಯವರು ಈ ನೀರನ್ನು ಪ್ರತಿದಿನವೂ ಟ್ಯಾಂಕಿನ ತಳದ ನಲ್ಲಿಯಿಂದ ಬಿಡದಿದ್ದರೆ, ಅದು ಎಣ್ಣೆಯೊಡನೆ ಬೆರೆತು ಬಿಳಿಯ ಲೋಳೆಯಾಗಿ, ಕಾಗದದ ಮತ್ತು ಬಿರಟೆಯ ಗ್ಯಾಸ್ಕೆಟ್ಟುಗಳನ್ನು ಕೊಳೆಯಿಸಿ, ಟ್ಯಾಂಕನ್ನೂ ಒಳಗಿನಿಂದ ತುಕ್ಕು ಹಿಡಿಸುತ್ತದೆ.

ಎರಡನೆಯ ಶತ್ರು ಕಡಲಿನ ಉಪ್ಪು. ತೋಟಗಾರನ ಯಂತ್ರವು ಮಳೆಗಾಲದ ನಾಲ್ಕಾರು ತಿಂಗಳು ಸುಮ್ಮನೆ ನಿಂತಿರುವಾಗ ಫ್ಲೇಂಜಿನ ಮುಖಗಳನ್ನು ಉಪ್ಪುಗಾಳಿಯು ತಿಂದು ಗುಳಿ ಮಾಡುತ್ತದೆ. ಆ ಗುಳಿಗಳನ್ನು ದಪ್ಪ ಹಾಳೆಯಿಂದ ಮರೆಮಾಡುವುದು ತಾತ್ಕಾಲಿಕ ಉಪಾಯ ಮಾತ್ರ. ಮುಖವನ್ನು ಲೇತಿನಲ್ಲಿ ಸಮಮಾಡಿಸುವುದೇ ನಿಜವಾದ ಪರಿಹಾರ. ಯಂತ್ರವನ್ನು ನಿಲ್ಲಿಸಿಡುವ ಮೊದಲು ಒಮ್ಮೆ ಓಡಿಸಿ ಒಣಗಿಸಿ, ಹೊರಗಿನ ಸಂದಿಗಳಿಗೆ ಎಣ್ಣೆ ಸವರಿ, ಗಾಳಿ ಎಳೆಯುವ ಬಾಯಿಯನ್ನು ಮುಚ್ಚಿಡುವುದು ಒಳ್ಳೆಯದು.

ಲಾಭನಷ್ಟದ ಲೆಕ್ಕ

3 ಮಿಲಿಮೀಟರಿನ ಸೋರಿಕೆಯು ಸುಮಾರು 3 ಕಿಲೋವಾಟು ಶಕ್ತಿಯನ್ನು ಹಾಳುಮಾಡುತ್ತದೆ. ದಿನಕ್ಕೆ ಎಂಟು ಗಂಟೆ ಓಡುವ ಗಿರಣಿಯಲ್ಲಿ ಇದು 24 ಯೂನಿಟ್ಟು. ತಿಂಗಳಿಗೆ 720 ಯೂನಿಟ್ಟು. ಒಂದು ಹಾಳೆಯ ಬೆಲೆಯೆಲ್ಲಿ, ಈ ಬಿಲ್ಲೆಲ್ಲಿ?

10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ಕರ್ನಾಟಕ ಸರಕಾರವು 2008ರಿಂದ ಉಚಿತ ವಿದ್ಯುಚ್ಛಕ್ತಿಯನ್ನು ಕೊಡುತ್ತಿರುವುದರಿಂದ, ತೋಟಗಾರರಿಗೆ ಸೋರಿಕೆಯಿಂದ ನಷ್ಟವೇನೆಂದು ಕೆಲವರು ಕೇಳಬಹುದು. ವಿದ್ಯುತ್ತು ಉಚಿತವಾದರೂ ಮೂರು ಫೇಸಿನ ಹೊತ್ತು ಉಚಿತವಾಗಿ ಬೆಳೆಯುವುದಿಲ್ಲ. ಅದು ದಿನಕ್ಕೆ ಇಂತಿಷ್ಟೇ ಗಂಟೆ. ಸೋರುವ ಯಂತ್ರವು ತಿನ್ನುವುದು ಆ ಗಂಟೆಗಳನ್ನು. ಗಂಟೆ ಕಳೆದರೆ ಮರಕ್ಕೆ ನೀರಿಲ್ಲ.

ಮುಖಂಡರ ಕರ್ತವ್ಯ

ಊರಿನ ಮುಖಂಡರೂ ದೊಡ್ಡ ಜಮೀನುದಾರರೂ ಈ ವಿಷಯದಲ್ಲಿ ಇತರರಿಗೆ ದಾರಿ ತೋರಿಸಬಹುದು. ಪ್ರತಿಯೊಂದು ಯಂತ್ರಕ್ಕೂ ಒಂದು ಸಣ್ಣ ಪುಸ್ತಕವಿರಲಿ. ಟ್ಯಾಂಕು ತುಂಬಲು ಹೊಸದರಲ್ಲಿ ಹಿಡಿದ ಹೊತ್ತು, ಬಾವಿಯಲ್ಲಿ ನೀರು ನಿಂತ ಆಳ, ಪ್ರತಿಯೊಂದು ಸಂದಿಯ ಗ್ಯಾಸ್ಕೆಟ್ಟಿನ ಜಾತಿ ಮತ್ತು ದಪ್ಪ, ಬದಲಾಯಿಸಿದ ದಿನ ಇವಿಷ್ಟನ್ನು ಅದರಲ್ಲಿ ಬರೆದಿಡಬೇಕು. ಬಾವಿ ಬತ್ತಿತೋ ಯಂತ್ರ ಸೋರಿತೋ ಎಂಬ ಜಿಜ್ಞಾಸೆಗೆ ಈ ಪುಸ್ತಕವೇ ಸಾಕ್ಷಿ. ಒಂದೇ ಬಗೆಯ ಯಂತ್ರಗಳುಳ್ಳ ನಾಲ್ಕೈದು ಮನೆಯವರು ಕೂಡಿ, ಊರಿನ ಸಹಕಾರಿ ಸಂಘದ ಮೂಲಕ, ತಲೆಯ ಗ್ಯಾಸ್ಕೆಟ್ಟುಗಳ ಒಂದೆರಡು ಜೊತೆಗಳನ್ನು ಮುಂಗಡವಾಗಿ ತರಿಸಿಡುವುದೂ ಸುಲಭಸಾಧ್ಯ. ದೀಪಾವಳಿ ಕಳೆದು ನೆಲ ಒಣಗುವಾಗ ಯಂತ್ರವನ್ನು ಒಮ್ಮೆ ಪರೀಕ್ಷಿಸಿ, ಸಂದೇಹಾಸ್ಪದವಾದ ಹಾಳೆಗಳನ್ನು ಬದಲಾಯಿಸಿಬಿಟ್ಟರೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಗಡಿಯಿಂದಂಗಡಿಗೆ ಅಲೆಯುವ ಕಷ್ಟವು ತಪ್ಪುತ್ತದೆ.

ಅಂಚಿನ ಏಡಿತೂತನ್ನು ಮಳೆ ಹಿಡಿಯುವ ಮೊದಲೇ ಮುಚ್ಚುವುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಯಂತ್ರದ ಸಂದಿಯನ್ನು ಬೇಸಗೆ ಹಿಡಿಯುವ ಮೊದಲೇ, ತಕ್ಕ ವಸ್ತುವಿನಿಂದ, ತಕ್ಕ ದಪ್ಪದಿಂದ, ತಕ್ಕ ಬಿಗಿಯಿಂದ ಮುಚ್ಚುವುದು ಅದೇ ಪದ್ಧತಿಯ ಮುಂದುವರಿಕೆಯಾಗಿದೆ. ಹಾಗೆ ಮಾಡಿದವರು ಬಾವಿಯನ್ನು ವೃಥಾ ದೂರಬೇಕಾಗಿ ಬಾರದು.